ಆಲೆಮನೆ ಯಜಮಾನರ ಟ್ರಂಕು

ಪಾಂಡವಪುರದ ಹತ್ತಿರ ನಾನು ಕಬ್ಬು ಅರೆಸುತ್ತಿದ್ದ ಆಲೆಮನೆಯ ಯಜಮಾನರಿಗೆ ಉಡಿದಾರದ ಬೀಗದಕೈಯನ್ನು ಆಗಾಗ ಮುಟ್ಟಿ ನೋಡಿಕೊಳ್ಳುವ ಚಾಳಿ. ಪಶ್ಚಿಮ ಬಂಗಾಳದಿಂದ ಬಂದ ಕೂಲಿಯವರು ಅರ್ಧಕ್ಕೆ ಬಿಟ್ಟು ಹೋಗದಿರಲಿ ಎಂದು ಅವರ ಆಧಾರ್ ಕಾರ್ಡುಗಳನ್ನೆಲ್ಲ ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಯಾರಾದರೂ ಕೇಳಿದರೆ, "ನನ್ನತ್ರ ಭದ್ರವಾಗೈತೆ, ಓಗ್ಲಾ" ಅನ್ನುವರು.

ಅವರು ಕೆ.ಆರ್.ಪೇಟೆಗೆ ಬೀಗರೂಟಕ್ಕೆ ಹೋಗಿದ್ದ ದಿನ ಪೊಲೀಸರು ಬಂದರು. ಉಳಿದ ಕೂಲಿಯವರು ಕಬ್ಬು ಕಡಿಯಲು ಹೋಗಿದ್ದರು; ಬೆಲ್ಲ ಕಾಯಿಸುತ್ತಿದ್ದ ಬಂಗಾಳದವನೊಬ್ಬ ಸಿಕ್ಕಿಬಿದ್ದ, ತೋರಿಸಲು ಕಾರ್ಡಿಲ್ಲ. ನಾನೇ ಯಜಮಾನರಿಗೆ ಫೋನ್ ಮಾಡಿದೆ.

"ಭದ್ರವಾಗೈತೆ ಅನ್ನು. ಉಂಡ್ಬುಟ್ಟು ಬತ್ತೀನಿ."

ಅವರು ಉಂಡು ಬರುವಷ್ಟರಲ್ಲಿ, ಬಾಂಗ್ಲಾದೇಶದವನೆಂದು ಅವನನ್ನು ಜೀಪು ಹತ್ತಿಸಿದ್ದರು. ಅವನ ಹೆಂಡತಿ ಕೂಸನ್ನು ಎತ್ತಿಕೊಂಡು ನಾಲೆ ಏರಿಯವರೆಗೂ ಜೀಪಿನ ಹಿಂದೆ ಓಡಿದ್ದಳು.

ಆಮೇಲೆ ಯಜಮಾನರು ಆ ಕಾರ್ಡು ಹಿಡಿದು ಠಾಣೆಗೆ, ವಕೀಲರ ಮನೆಗೆ, ಬೆಂಗಳೂರಿನ ಕಡೆಯ ಬಂಧನ ಕೇಂದ್ರಕ್ಕೆ ತಿಂಗಳುಗಟ್ಟಲೆ ಅಲೆದರು. ಕೊನೆಗೆ ಗೊತ್ತಾಗಿದ್ದು, ಅವನನ್ನು ಆಗಲೇ ಗಡಿ ದಾಟಿಸಿಬಿಟ್ಟಿದ್ದಾರೆ ಎಂದು.

ಅವತ್ತು ಊರಿಗೆ ಬಂದವರೇ ಕಾರ್ಡನ್ನು ಆ ಹೆಂಗಸಿನ ಮುಂದಿಟ್ಟು ತಲೆ ತಗ್ಗಿಸಿ ಕೂತರು. ಅವಳು ಅದರಲ್ಲಿದ್ದ ಗಂಡನ ಫೋಟೊವನ್ನು ಸೆರಗಿನಿಂದ ಒರೆಸಿ, ಕಾರ್ಡನ್ನು ಅವರ ಕೈಗೇ ವಾಪಸ್ಸು ಕೊಟ್ಟಳು.

"ನೀವೇ ಇಟ್ಕೊಳ್ಳಿ, ಯಜಮಾನ್ರೇ. ನಮ್ಮನೆಯವರು ವಾಪಸ್ ಬಂದ್ರೆ ನಿಮ್ಮನ್ನೇ ಕೇಳೋದು."