ಹಸನಬಿ ಅಕ್ಕನ ಹಾಳಮಣ್ಣು

ನಮ್ಮ ಹೊಲದ ಮೂಡಣ ಬದುವಿಗೆ ಹತ್ತಿಕೊಂಡು ಒಂದು ದಿಬ್ಬವಿದೆ. ಯಾವ ಕಾಲದಲ್ಲೋ ಅಲ್ಲೊಂದು ಊರಿತ್ತಂತೆ. ಈಗ ಉಳಿದಿರುವುದು ಬೂದಿ ಬೆರೆತ ಸಡಿಲ ಮಣ್ಣು, ಗಡಿಗೆಯ ಚೂರು, ಎಲುಬಿನ ತುಣುಕು. ನಮ್ಮ ಕಡೆ ಅದಕ್ಕೆ ಹಾಳಮಣ್ಣು ಅನ್ನುತ್ತಾರೆ. ಕುಂದಗೋಳ ತಾಲೂಕಿನ ಎರೆ ಹೊಲದವರಿಗೆ ತಮ್ಮ ಕಪ್ಪು ಮಣ್ಣಿನ ಜಂಬ ಮೊದಲೇ ಜಾಸ್ತಿ, ನನಗೆ ಇನ್ನೂ ಒಂದು ಕೈ ಜಾಸ್ತಿ. ನೇಗಿಲಿಗೆ ಚೂರು ಸಿಕ್ಕಾಗಲೆಲ್ಲ ಆ ದಿಬ್ಬವನ್ನು ಬೈಯುತ್ತಿದ್ದೆ.

ಆ ಮಣ್ಣನ್ನು ಬಯಸಿ ಬರುತ್ತಿದ್ದವಳು ಹಸನಬಿ ಅಕ್ಕ ಒಬ್ಬಳೇ. ನಮ್ಮ ಓಣಿಯವಳು, ಅರವತ್ತು ದಾಟಿದವಳು. ಗಂಡ ಮಾಬುಸಾಬ ಗಾದಿ ಹೊಲಿಯುತ್ತಿದ್ದ, ಈಗಿಲ್ಲ. ಅಂಗೈಯಗಲ ಹೊಲವೂ ಇಲ್ಲದ ಅಕ್ಕ, ಮನೆಯ ಹಿತ್ತಲಲ್ಲಿ ತಗಡಿನ ಡಬ್ಬಿ, ಒಡಕು ಕೊಡಗಳನ್ನು ಸಾಲಾಗಿ ಇಟ್ಟು ಅರ್ಧ ಊರಿಗೆ ಮೆಣಸಿನ ಸಸಿ ಎಬ್ಬಿಸಿ ಕೊಡುತ್ತಿದ್ದಳು. ಬೇಸಿಗೆಗೊಮ್ಮೆ ನನ್ನನ್ನು ಕೇಳಿ ಎರಡು ಬುಟ್ಟಿ ಹಾಳಮಣ್ಣು ಒಯ್ಯುವಳು. ಜರಡಿ ಹಿಡಿದು, ಸ್ವಲ್ಪ ಎರೆಮಣ್ಣು, ಸ್ವಲ್ಪ ಆಡಿನ ಹಿಕ್ಕೆಯ ಪುಡಿ ಕಲಸಿ ಡಬ್ಬಿ ತುಂಬುವಳು.

“ಸತ್ತವರ ಒಲಿ ಬೂದಿ ಹೊತಗೊಂಡು ಹೊಂಟಿಯಲ್ಲಕ್ಕಾ,” ಎಂದು ನಾನು ಛೇಡಿಸುತ್ತಿದ್ದೆ.

“ಅವರು ಉಂಡು ಬಿಟ್ಟಿದ್ದು ತಮ್ಮಾ, ನಮ್ಮನ್ನ ಉಣಸಾಕತ್ತೈತಿ,” ಅನ್ನುತ್ತಿದ್ದಳು.

ಹೋದ ವರ್ಷ ಹಿಂಗಾರಿ ಮಳೆ ಹೊಡೆದು ಊರಿನ ಮೆಣಸಿನಗಿಡವೆಲ್ಲ ನಿಂತಲ್ಲೇ ಕೊಳೆಯಿತು. ನಮ್ಮೂರಿನ ಜವಾರಿ ಮೆಣಸಿನಕಾಯಿ, ನನ್ನ ಅಜ್ಜನ ಕಾಲದಿಂದ ಬಂದ ತಳಿ, ಬೀಜಕ್ಕೂ ಉಳಿಯಲಿಲ್ಲ. ಉಳಿದದ್ದು ಹಸನಬಿ ಅಕ್ಕ ಒಲೆಯ ಮೇಲೆ ಅರಿವೆಯಲ್ಲಿ ಕಟ್ಟಿ ತೂಗುಹಾಕಿದ್ದ ಒಂದು ಬೊಗಸೆ ಬೀಜ ಮಾತ್ರ. ಅದೂ ಹೋದರೆ ತಳಿಯೇ ಮುಗಿಯಿತು.

ರೋಹಿಣಿ ಮಳೆಯ ಹೊತ್ತಿಗೆ ಅಕ್ಕ ನನ್ನನ್ನು ಕರೆದು ಅದರಲ್ಲಿ ಅರ್ಧ ಕೈಗಿಟ್ಟಳು.

“ಎರಡು ಕಡೆ ಇರಲಿ ಸಂಗಣ್ಣ. ಒಂದು ಹೋದ್ರ ಒಂದು ಉಳೀತೈತಿ. ಒಂದು ಬುಟ್ಟಿ ಹಾಳಮಣ್ಣೂ ಒಯ್ಯಿ.”

“ನನ್ನ ಎರಿಗಿಂತ ನಿನ್ನ ಬೂದಿ ಹೆಚ್ಚೇನಕ್ಕಾ?” ಎಂದು ನಕ್ಕು ಬೀಜವನ್ನಷ್ಟೇ ತಂದೆ.

ಎರೆಮಣ್ಣಿನಲ್ಲಿ ಅಂದವಾದ ಮಡಿ ಮಾಡಿ ಬೀಜ ಚೆಲ್ಲಿದೆ. ನೋಡಿದವರು ಹೊಗಳಿದರು, ನಾನು ಉಬ್ಬಿದೆ. ಮೂರನೆಯ ದಿನ ಮಧ್ಯಾಹ್ನ ಮಳೆ ಬಡಿಯಿತು. ಎರೆ ನೀರು ಹಿಡಿಯಿತೆಂದರೆ ಬಿಡುವುದಿಲ್ಲ. ಎರಡು ದಿನ ಮಡಿಯಲ್ಲಿ ನೀರು ನಿಂತಿತು. ಮೇಲೆ ಬಿಸಿಲು ಬಿದ್ದು ಮಣ್ಣು ಹಂಚಿನ ಹಾಗೆ ಗಟ್ಟಿಯಾಯಿತು. ಹದಿನೈದು ದಿನ ಕಾದು ಕೆದಕಿ ನೋಡಿದರೆ ಬೀಜವೆಲ್ಲ ಕೊಳೆತು ಹೋಗಿತ್ತು.

ನನ್ನ ಹೆಂಡತಿ ಮಹಾನಂದಾ, “ಹೋಗಿ ಹೇಳ್ರಿ. ಮುಚ್ಚಿಡಬ್ಯಾಡ್ರಿ,” ಅಂದಳು. ಕಾಲು ಎಳೆಯುತ್ತ ಹೋದೆ. ದಾರಿಯುದ್ದಕ್ಕೂ ಒಂದೇ ಯೋಚನೆ: ಅದೇ ಮಳೆ ಅವಳ ಹಿತ್ತಲಿಗೂ ಬಿದ್ದಿದೆ.

ಅಕ್ಕ ಕುಕ್ಕರಗಾಲಲ್ಲಿ ಕೂತು ಚೊಂಬಿನಿಂದ ನೀರು ಚಿಮುಕಿಸುತ್ತಿದ್ದಳು. ಮುಂದೆ, ಹಾಳಮಣ್ಣು ನೀರು ಬಸಿದುಬಿಟ್ಟಿದ್ದ ಡಬ್ಬಿ ಡಬ್ಬಿಯಲ್ಲೂ ಎರಡೆರಡು ಎಲೆಯ ಹಸಿರು. ನೋಡಿದ್ದೇ ನನ್ನ ಕಣ್ಣು ತುಂಬಿ ಬಂತು. ನಡೆದದ್ದನ್ನು ಹೇಳಿದೆ. ಅವಳು ಚೊಂಬು ಕೆಳಗಿಟ್ಟಳು.

“ಮಣ್ಣು ಒಯ್ಯಿ ಅಂದಿದ್ದೆ,” ಅಂದಳು.

ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು. ನಲವತ್ತು ದಿನಕ್ಕೆ ಸಸಿ ನಾಟಿಗೆ ಬಂದಾಗ ಅವಳೇ ಹೇಳಿ ಕಳಿಸಿದಳು. ಬೇರಿಗೆ ಹಾಳಮಣ್ಣು ಅಂಟಿದ ಹಾಗೆಯೇ ಔಡಲ ಎಲೆಯಲ್ಲಿ ಸುತ್ತಿ, ಮತ್ತೆ ಅರ್ಧ ಕೊಟ್ಟಳು. ಕೈ ಚಾಚಲು ನನಗೆ ನಾಚಿಕೆಯಾಯಿತು; ಆದರೂ ಚಾಚಿದೆ.

ನಾಟಿದ ಗಿಡದಲ್ಲಿ ಕಾಯಿ ಕೆಂಪಗಾದಾಗ ಮೊದಲ ಬುಟ್ಟಿಯನ್ನು ಅವಳ ಮನೆಗೆ ಹೊತ್ತೆ. ಅಕ್ಕ ಹಿತ್ತಲ ಮೂಲೆಯ ಕುಣಿಯ ಹತ್ತಿರ ನಿಂತು ಒಲೆಯ ಬೂದಿ, ಉಳ್ಳಾಗಡ್ಡಿ ಸಿಪ್ಪೆ, ಒಡೆದ ಗಡಿಗೆಯ ಚೂರು ಸುರಿಯುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ದಿನಾ ಹೀಗೆ ಸುರಿಯುತ್ತಿದ್ದಾಳಂತೆ. ಇಷ್ಟು ವರ್ಷ ನಾನು ಅದನ್ನು ಕಸದ ಕುಣಿ ಅಂತಲೇ ತಿಳಿದಿದ್ದೆ.

“ಇದು ಹಾಳಮಣ್ಣು ಆಗಬೇಕಂದ್ರ ಎಷ್ಟು ದಿನ ಬೇಕಕ್ಕಾ?”

“ನಿನಗೂ ಸಿಗಂಗಿಲ್ಲ, ನನಗೂ ಸಿಗಂಗಿಲ್ಲ,” ಅಂದಳು. “ನಾವು ಒಯ್ದಷ್ಟು ದಿಬ್ಬ ಸಣ್ಣದಾಗತೈತಿ. ಮುಂದಿನವರು ಎಲ್ಲಿ ಹೋಗಬೇಕು?”

ನನ್ನ ದಿಬ್ಬ, ನಾನು ಬೈದ ದಿಬ್ಬ. ಅದರ ಬೆಲೆಯನ್ನು ಹೊಲವಿಲ್ಲದವಳು ತಿಳಿದು, ಆ ಋಣ ತೀರಿಸುತ್ತಲೂ ಇದ್ದಳು. ಅವಳಂಥವಳ ಓಣಿಯಲ್ಲಿ ಬದುಕಿದ್ದು ನನ್ನ ಪುಣ್ಯ ಎಂದು ಆ ಹೊತ್ತು ಅನಿಸಿತು, ಈಗಲೂ ಅನಿಸುತ್ತದೆ.

ನಮ್ಮ ಮನೆಯಲ್ಲಿ ಅಡುಗೆಗೆ ಗ್ಯಾಸಿದೆ. ಬೂದಿ ಸಿಗುವುದು ಬಚ್ಚಲ ಒಲೆಯಲ್ಲಿ ಮಾತ್ರ. ಮರುದಿನ ಅದನ್ನೇ ಬಕೆಟ್ಟಿಗೆ ತುಂಬಿ ಅಕ್ಕನ ಕುಣಿಗೆ ಒಯ್ದೆ. ಅಕ್ಕ ಬಕೆಟ್ಟಿನಲ್ಲಿ ಕೈಯಾಡಿಸಿ, ಅರೆಸುಟ್ಟ ಪ್ಲಾಸ್ಟಿಕ್ಕಿನ ಶಾಂಪೂ ಚೀಟಿಯೊಂದನ್ನು ಎತ್ತಿ ನನ್ನ ಮುಂದೆ ಹಿಡಿದಳು.

“ಇದನ್ನ ಉಣಸ್ತೀ ಏನು ಮುಂದಿನವರಿಗೆ?”

ಈಗ ನಾನು ಬೂದಿಯನ್ನು ಜರಡಿ ಹಿಡಿದೇ ಒಯ್ಯುತ್ತೇನೆ.