ಕುರುಗೋಡಿನ ಪಾರ್ಟಿ

ಪರೀಕ್ಷೆಯ ಉತ್ತರಪತ್ರಿಕೆಗಳಿಗೆ ಅವುಗಳದ್ದೇ ಒಂದು ವಾಸನೆ ಇರುತ್ತದೆ. ಹೊಸ ಕಾಗದ, ಅಗ್ಗದ ಪೆನ್ನಿನ ಶಾಯಿ, ಮಕ್ಕಳ ಅಂಗೈ ಬೆವರು ಮೂರೂ ಸೇರಿದ ವಾಸನೆ. ಬಳ್ಳಾರಿಯ ಬೇಸಿಗೆಯಲ್ಲಿ ಫ್ಯಾನಿನ ಕೆಳಗೆ ಕಟ್ಟು ಬಿಚ್ಚಿದರೆ ಅದು ಮನೆಯೆಲ್ಲ ಹರಡುತ್ತದೆ; ನಮ್ಮ ಯಜಮಾನರು ಮೂಗು ಮುಚ್ಚಿಕೊಂಡು ಹೊರಗೆ ಹೋಗುತ್ತಾರೆ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಮೊನ್ನೆ ಹಾಗೆ ಒಂದು ಕಟ್ಟು ಬಿಚ್ಚಿ ಕೂತಿದ್ದೆ. ಅಮೆರಿಕ ಇನ್ನೂ ಹೊಸದಾಗಿ ಊರು ಕಟ್ಟಿಕೊಳ್ಳುತ್ತಿದ್ದ ಕಾಲದಲ್ಲಿ ಅಲ್ಲಿನ ಪೇಟೆಗಳಲ್ಲಿ ಹೆಂಗಸರ ಪಾತ್ರವೇನಿತ್ತು ಎಂಬುದು ಪ್ರಶ್ನೆ. ಒಬ್ಬ ಹುಡುಗ ಒಂದೇ ಸಾಲಿನಲ್ಲಿ ಉತ್ತರ ಮುಗಿಸಿದ್ದ: "ಹೆಂಗಸರು ಮನೆಯಲ್ಲಿ ಇದ್ದರು."

ಸೊನ್ನೆ ಹಾಕಲು ಹೋದವಳು ನಕ್ಕುಬಿಟ್ಟೆ. ತರಗತಿಯಲ್ಲಿ ನಾನು ಗಂಟಲು ಹರಿದುಕೊಂಡು ಹೇಳಿದ್ದೆ: ಅಲ್ಲಿನ ಬಂದರು ಪೇಟೆಗಳಲ್ಲಿ ಹೆಂಗಸರು ಅಂಗಡಿ ಇಟ್ಟಿದ್ದರು, ಉದ್ರಿ ಕೊಟ್ಟಿದ್ದರು, ಸಾಲ ತಂದು ಸರಕು ತರಿಸಿದ್ದರು, ಗಂಡಂದಿರು ಹಡಗು ಹತ್ತಿ ಹೋದಾಗ ವ್ಯವಹಾರ ಪೂರ್ತಿ ನಡೆಸಿದ್ದರು. ಆದರೆ ಕಾನೂನಿನ ಕಣ್ಣಿಗೆ ಗಂಡ ಹೆಂಡತಿ ಇಬ್ಬರೂ ಸೇರಿ ಒಬ್ಬನೇ ವ್ಯಕ್ತಿ. ಆ ಒಬ್ಬ ವ್ಯಕ್ತಿ ಗಂಡ. ಹಿಂದಿನ ಬೆಂಚಿನಲ್ಲಿದ್ದ ಈ ಹುಡುಗನಿಗೆ ಅದ್ಯಾವುದೂ ಕೇಳಿಸಿರಲಿಕ್ಕಿಲ್ಲ. ಪಾಪ, ನಮ್ಮ ಅಪ್ಪನಿಗೂ ಕೇಳಿಸಿರಲಿಲ್ಲ. ನಮ್ಮ ಅವ್ವ ಸಹ ಮನೆಯಲ್ಲಿ ಇದ್ದಳು ಎಂದೇ ಅಪ್ಪ ಇವತ್ತಿಗೂ ನಂಬಿದ್ದಾರೆ.

ನಮ್ಮ ಮನೆ ಇದ್ದದ್ದು ಸತ್ಯನಾರಾಯಣಪೇಟೆಯಲ್ಲಿ. ಅಪ್ಪ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಸಾಲ ಎಂಬ ಶಬ್ದ ಕೇಳಿದರೆ ಅವರಿಗೆ ಮೈ ಉರಿಯುತ್ತಿತ್ತು. "ಸಾಲ ತಗೊಳ್ಳೂದೂ ತಪ್ಪು, ಕೊಡೂದೂ ತಪ್ಪು. ನಮ್ಮ ಮನ್ಯಾಗ ಅದರ ಗಾಳಿ ಇಲ್ಲ" ಎಂದು ಬಂದವರಿಗೆಲ್ಲ ಹೇಳುವರು. ಅವರು ಹಾಗೆ ಹೇಳುವಾಗ ಅವ್ವ ನೀಲಮ್ಮ ಒಳಗೆ ಜೋಳದ ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತಿದ್ದಳು. ಆ ಡಬ್ಬಿಯ ಜೋಳದ ಅಡಿಯಲ್ಲಿ ಅರ್ಧ ಓಣಿಯ ಬಂಗಾರ ಇರುತ್ತಿತ್ತು.

ಅವ್ವ ಗಿರವಿ ಇಟ್ಟುಕೊಂಡು ಸಾಲ ಕೊಡುತ್ತಿದ್ದಳು. ಗಿರಾಕಿಗಳೆಲ್ಲ ಹೆಂಗಸರೇ. ಮೂಲ ಬಂಡವಾಳ ಅವಳವೇ ಎರಡು ಬಳೆ. "ಬಳಿ ಎಲ್ಲಿ?" ಎಂದು ಅಪ್ಪ ಕೇಳಿದಾಗ "ಪಾಲಿಶ್‌ಗೆ ಕೊಟ್ಟೀನ್ರಿ" ಎಂದಿದ್ದಳು. ಆ ಪಾಲಿಶ್ ವರ್ಷಗಟ್ಟಲೆ ನಡೆಯಿತು. ವ್ಯವಹಾರ ಮನೆಯಲ್ಲಲ್ಲ, ಓಣಿಯ ತುದಿಯ ಹಿಟ್ಟಿನ ಗಿರಣಿಯಲ್ಲಿ. ಹೆಂಗಸರು ಡಬ್ಬಿ ಹಿಡಿದು ತಾಸುಗಟ್ಟಲೆ ನಿಲ್ಲಲು ಜಗತ್ತಿನಲ್ಲಿ ಅದಕ್ಕಿಂತ ಗೌರವದ ಜಾಗ ಇನ್ನೊಂದಿಲ್ಲ. ಗಿರಣಿಯ ಗದ್ದಲದಲ್ಲಿ ಪಕ್ಕದವರ ಮಾತು ಕೇಳಿಸದು. ಡಬ್ಬಿ ಡಬ್ಬಿ ಬದಲಾದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಬಾಗಿಲಲ್ಲಿ ಬಂದೂಕು ಹಿಡಿದವನನ್ನು ನಿಲ್ಲಿಸಿಕೊಂಡ ಬ್ಯಾಂಕುಗಳಿಗೂ ಇಷ್ಟು ಭದ್ರತೆ ಇರಲಿಕ್ಕಿಲ್ಲ.

ಅವ್ವನದು ಒಂದೇ ನಿಯಮ. ಗಿರಾಕಿಯ ಹೆಸರು, ಮನೆತನ ಕೇಳುವಂತಿಲ್ಲ. ಗೊತ್ತಿದ್ದವರೊಬ್ಬರು ಕರೆದುಕೊಂಡು ಬಂದರೆ ಸಾಕು. ಹೀಗಾಗಿ ಎಲ್ಲರಿಗೂ ಅಡ್ಡಹೆಸರು: ಸೇಂಗಾದಾಕಿ, ಎರಡು ಜಡಿಯಾಕಿ, ಹಲ್ಲುನೋವಿನಾಕಿ. ಈ ಹಲ್ಲುನೋವಿನಾಕಿಯನ್ನು ಪರಿಚಯಿಸಿದ್ದು ಕುರುಗೋಡು ಬಸ್ ನಿಲ್ದಾಣದ ಹತ್ತಿರ ಇಡ್ಲಿ ಹೋಟೆಲ್ ನಡೆಸುತ್ತಿದ್ದ ಬಸಮ್ಮ, ಅವ್ವನ ಹಳೆಯ ಗಿರಾಕಿ. ಸಿರುಗುಪ್ಪ ಕಡೆಯವಳು ಎಂಬುದಷ್ಟೇ ಅವ್ವನಿಗೆ ಗೊತ್ತು. ತನ್ನೂರಲ್ಲಿ ಬಂಗಾರ ಗಿರವಿ ಇಟ್ಟರೆ ಮಾನ ಹೋಗುತ್ತದೆಂದು ಹಲ್ಲಿನ ಡಾಕ್ಟರ ನೆಪ ಹೇಳಿ ತಿಂಗಳಿಗೊಮ್ಮೆ ಬಳ್ಳಾರಿಗೆ ಬರುವಳು. ನಾನು ಅವಳನ್ನು ನೋಡಿರಲಿಲ್ಲ. ಅವಳ ಅವಲಕ್ಕಿ ಸರ ನೋಡಿದ್ದೆ. ಬಂಗಾರವನ್ನು ಅವಲಕ್ಕಿಯಂತೆ ತಟ್ಟಿ ಪೋಣಿಸಿದ ಮೂರೆಳೆಯ ಸರ. ಜೋಳದೊಳಗಿಂದ ಎತ್ತಿದರೆ ಅಡುಗೆಮನೆ ಬೆಳಗುತ್ತಿತ್ತು.

ನನಗೆ ಕಾಲೇಜಿನಲ್ಲಿ ಕೆಲಸ ಸಿಕ್ಕ ಹೊಸತು. ಅಪ್ಪನ ಕಚೇರಿಯವರೊಬ್ಬರು ಸಿರುಗುಪ್ಪದ ಒಂದು ಸಂಬಂಧ ತಂದರು. ಹುಡುಗನ ತಂದೆಯದು ಅಕ್ಕಿ ಮಿಲ್ಲು. ಹೆಣ್ಣು ನೋಡಲು ಬರುವ ದಿನ ಅಪ್ಪ ನನ್ನ ಬೋಳು ಕೊರಳು ನೋಡಿ ಹೌಹಾರಿದರು.

"ಮಿಲ್ಲಿನ ಮಂದಿ ಬರ್ತಾರ. ಕೊಳ್ಳಾಗ ಏನಾರ ಹಾಕಲೇ ಅಕಿಗೆ!"

ಅವ್ವ ನನ್ನನ್ನು ಒಳಗೆ ಕರೆದೊಯ್ದು ಜೋಳದ ಡಬ್ಬಿಗೆ ಮೊಳಕೈವರೆಗೆ ಕೈ ಹಾಕಿದಳು.

"ಯಾರದವ್ವಾ ಇದು?" ಎಂದೆ.

"ಹಲ್ಲುನೋವಿನಾಕಿದು. ಮನ್ಯಾಗ ಏನೋ ಕಾರ್ಯ ಐತಿ, ಈ ತಿಂಗಳು ಬರೂದಿಲ್ಲ ಅಂದಾಳ. ಒಂದು ತಾಸು ಹಾಕ್ಕೊಂಡ್ರ ಬಂಗಾರ ಸವೆಯೂದಿಲ್ಲ ಬಾ. ನಿಮ್ಮಪ್ಪ ಕೇಳಿದ್ರ ತವರುಮನಿದು ಅಂತೀನಿ."

ನೀವು ನನಗಿಂತ ಚುರುಕು. ಆ ಕಾರ್ಯ ಯಾವುದೆಂದು ನಿಮಗೆ ಆಗಲೇ ಹೊಳೆದಿರಬೇಕು. ನಮಗೆ ಹೊಳೆಯಲಿಲ್ಲ.

ನಾನು ತಲೆ ತಗ್ಗಿಸಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿಯ ತಟ್ಟೆ ಹಿಡಿದು ಹೊರಗೆ ಬಂದೆ. ಹೆಣ್ಣು ನೋಡುವಾಗ ಹೆಣ್ಣಿಗೆ ಕಾಣುವುದು ಕಾಲುಗಳು ಮಾತ್ರ. ಗಂಡಸರ ಹಿಂದೆ ತಡವಾಗಿ ಒಳಬರುತ್ತಿದ್ದ ಬೆಳ್ಳಿ ಕಾಲುಂಗುರದ ಎರಡು ಪಾದ ಹೊಸ್ತಿಲ ಮೇಲೆ ನಿಂತೇಬಿಟ್ಟವು. ನನ್ನ ಹಿಂದಿದ್ದ ಅವ್ವನ ಕೈಯಲ್ಲಿ ನೀರಿನ ಲೋಟಗಳು ಕಟಕಟ ಎಂದವು. ತಲೆ ಎತ್ತಿದೆ. ಹುಡುಗನ ತಾಯಿ ಅವ್ವನ ಮುಖ ನೋಡಿದರು, ಆಮೇಲೆ ನನ್ನ ಕೊರಳು ನೋಡಿದರು. ಆಮೇಲೆ ಗೋಡೆಯ ಗಡಿಯಾರ ನೋಡುತ್ತ ಕೂತರು. ಅಷ್ಟು ಹೊತ್ತು ಗಡಿಯಾರ ನೋಡಿದವರನ್ನು ನಾನು ಬೇರೆ ಕಂಡಿಲ್ಲ.

ಗಂಡಸರಿಗೆ ಏನೂ ಗೊತ್ತಾಗಲಿಲ್ಲ. ಅವರಾಗಲೇ ಒಬ್ಬರನ್ನೊಬ್ಬರು ಮೆಚ್ಚಿಕೊಂಡಾಗಿತ್ತು.

"ನಮ್ಮ ಮನಿ ಹೆಣ್ಮಕ್ಕಳಿಗೆ ವ್ಯವಹಾರ ಗೊತ್ತಿಲ್ರಿ. ಹತ್ತು ರೂಪಾಯಿ ಕೊಟ್ರ ಚಿಲ್ರ ಎಣಿಸಾಕ ಬರೂದಿಲ್ಲ. ವರ್ಸಾನುಗಟ್ಟಲೆ ಈಕಿ ಹಲ್ಲಿಗೆ ಡಾಕ್ಟ್ರ ಹತ್ರ ಓಡಾಡೂದ ಆತು" ಎಂದರು ಹುಡುಗನ ತಂದೆ.

"ನಮ್ಮಾಕಿನೂ ಹಂಗರಿ. ಸಾಲ ಅಂದ್ರ ಏನಂತ ಕೇಳ್ತಾಳ" ಎಂದರು ಅಪ್ಪ.

ಹುಡುಗ ಮಾತಾಡದೆ ಇನ್ನೊಂದು ಮಿರ್ಚಿಗೆ ಕೈ ಹಾಕಿದ. ಆಗ ಅವನ ತಂದೆಯ ಕಣ್ಣು ನನ್ನ ಕೊರಳ ಮೇಲೆ ಬಿತ್ತು. "ಅಲ್ಲಲೇ, ಇಂಥಾ ಸರ ನಿನ್ನತ್ರನೂ ಐತಲ್ಲ?" ಎಂದು ಹೆಂಡತಿಯನ್ನು ಕೇಳಿದರು.

ಆಯಿತು, ಸಂಬಂಧವೂ ಹೋಯಿತು, ಜೋಳದ ಡಬ್ಬಿಯೂ ಬಯಲಾಯಿತು, ಅಪ್ಪನೂ ಕುಸಿದುಬಿದ್ದರು ಎಂದುಕೊಂಡೆ.

"ಐತಲ್ರಿ, ಕಪಾಟಿನ್ಯಾಗ. ಇಬ್ಬರಿಗೂ ಒಬ್ಬನ ಅಕ್ಕಸಾಲಿಗ ಮಾಡಿರಬೇಕು" ಎಂದರು ಆಕೆ, ಗಡಿಯಾರದಿಂದ ಕಣ್ಣು ತೆಗೆಯದೆ.

"ಹಂಗಾದ್ರ ಮದುವ್ಯಾಗ ಅತ್ತಿ ಸೊಸಿ ಇಬ್ಬರೂ ಹಾಕ್ಕೊಂಡು ಫೋಟೋ ತಗಸ್ಕೊಳ್ರಿ, ಭಾರಿ ಕಾಣತೈತಿ!" ಎಂದು ಹುಡುಗನ ತಂದೆ ಗಹಗಹಿಸಿದರು.

ಅಡುಗೆಮನೆ ನೋಡುತ್ತೇನೆಂದು ಆಕೆ ಎದ್ದು ಒಳಗೆ ಬಂದರು. ಬಾಗಿಲು ಮರೆಮಾಡಿದ ಕೂಡಲೇ ಅವ್ವ ಕೈ ಮುಗಿದಳು.

"ತಪ್ಪಾತ್ರಿ. ಗಿರವಿ ಮಾಲು ಮುಟ್ಟಬಾರದಿತ್ತು. ಈಗ ಬಿಚ್ಚಿ ಕೊಡ್ತೀನಿ. ಇಷ್ಟು ದಿನದ ಬಡ್ಡಿನೂ ಬ್ಯಾಡ."

"ಬಡ್ಡಿ ಬಿಟ್ರ ಅದು ವರದಕ್ಷಿಣಿ ಆಗತೈತಿ. ನಾವು ವರದಕ್ಷಿಣಿ ತಗೊಳ್ಳೂ ಮಂದಿ ಅಲ್ಲ" ಎಂದರು ಆಕೆ. ನಂತರ ನನ್ನ ಗದ್ದ ಹಿಡಿದೆತ್ತಿ ಸರವನ್ನು ನೆಟ್ಟಗೆ ಮಾಡಿದರು. "ಚಂದ ಒಪ್ಪೈತಿ ಬಿಡ್ರಿ. ಏನವ್ವಾ, ನಿನಗೇನಾರ ಕೇಳೂದೈತೇನು?"

ಅಷ್ಟು ಹೊತ್ತಿಗೆ ನನ್ನನ್ನು ಮಾತಾಡಿಸಿದವರು ಅವರೊಬ್ಬರೇ. ಧೈರ್ಯ ಬಂತು. "ನಾನು ಕೆಲಸ ಬಿಡೂದಿಲ್ರಿ. ಬಳ್ಳಾರ್ಯಾಗ ಇರ್ತೀನಿ" ಎಂದೆ.

"ಬಿಟ್ರ ನಾನ ಒಪ್ಪೂದಿಲ್ಲ. ಎಷ್ಟಂತ ಹಲ್ಲು ನೋಯಿಸ್ಕೊಳ್ಳಲಿ? ಬಳ್ಳಾರ್ಯಾಗ ನನಗೊಂದು ಮನಿ ಬೇಕು."

"ಹುಡುಗ ಹೆಂಗ್ರಿ?" ಎಂದೆ, ತಡೆಯಲಾರದೆ.

ಮಗನನ್ನು ಹೊಗಳುವ ತಾಯಿಯಂತೆ ಅವರು ಉತ್ತರಿಸಲಿಲ್ಲ. ಸಾಲಕ್ಕೆ ಜಾಮೀನು ನಿಲ್ಲುವವರಂತೆ ಅಳೆದು ಹೇಳಿದರು. "ಮಾತು ಕಮ್ಮಿ. ತಿನ್ನೂದು ಜಾಸ್ತಿ. ಆದ್ರ ಕೊಟ್ಟ ಮಾತು ತಪ್ಪಿಲ್ಲ ಇಲ್ಲೀತನ."

ಇಷ್ಟರ ಮೇಲೆ ನಾನು ಮದುವೆಯಾದೆ. ಹೇಳಿದ್ದರಲ್ಲಿ ಒಂದೂ ಸುಳ್ಳಾಗಲಿಲ್ಲ. ಮದುವೆಯ ದಿನ ಇದ್ದ ಒಂದೇ ಸರ ಮಧ್ಯಾಹ್ನದವರೆಗೆ ಅತ್ತೆಯ ಕೊರಳಲ್ಲಿ, ಊಟವಾದ ಮೇಲೆ ನನ್ನ ಕೊರಳಲ್ಲಿ ಇತ್ತು. ಆಲ್ಬಮ್ ಬಂದಾಗ ಮಾವ ಕನ್ನಡಕ ಹಾಕಿಕೊಂಡು ನೋಡಿ, "ಎರಡೂ ಒಂದ ಥರ ಅದಾವ ನೋಡು, ಏನು ಕೆಲಸಗಾರನಪ್ಪ!" ಎಂದು ಕಾಣದ ಅಕ್ಕಸಾಲಿಗನನ್ನು ಕೊಂಡಾಡಿದರು.

ಸಾಲ ಎಲ್ಲಿಗೆ ಹೋಗುತ್ತಿತ್ತೆಂದು ಆಮೇಲೆ ತಿಳಿಯಿತು. ಮಿಲ್ಲಿನಲ್ಲಿ ಅಕ್ಕಿ ಮಾಡುವಾಗ ಮುರಿದು ಉಳಿಯುವ ನುಚ್ಚನ್ನು ಮಾವ ಕೈಗೆ ಬಂದ ಬೆಲೆಗೆ ತಳ್ಳುತ್ತಿದ್ದರು. ಅತ್ತೆ ಅದನ್ನು ಬಸಮ್ಮನ ಹೆಸರಿನಲ್ಲಿ ಕೊಳ್ಳುತ್ತಿದ್ದರು. ಚೀಲಗಳು ಕುರುಗೋಡಿಗೆ ಹೋಗಿ ಅಲ್ಲಿಂದ ಬಳ್ಳಾರಿಯ ಇಡ್ಲಿ, ದೋಸೆ ಅಂಗಡಿಗಳಿಗೆ ಹಂಚಿಕೆಯಾಗುತ್ತಿದ್ದವು. ಅಂದರೆ ಮಾವ ತಮ್ಮ ಹೆಂಡತಿಗೇ ಮಾಲು ಮಾರಿ, ಅವಳಿಂದಲೇ ದುಡ್ಡು ಎಣಿಸಿಕೊಂಡು, ಅದರಲ್ಲೇ ಅವಳಿಗೆ ಮನೆಖರ್ಚಿಗೆ ಕೊಟ್ಟು, "ಜ್ವಾಕಿಯಿಂದ ಖರ್ಚು ಮಾಡು, ರೊಕ್ಕ ಗಿಡದಾಗ ಬೆಳೆಯೂದಿಲ್ಲ" ಎನ್ನುತ್ತಿದ್ದರು. ನಾವು ಸಿರುಗುಪ್ಪಕ್ಕೆ ಹೋಗಿ ಊಟಕ್ಕೆ ಕೂತಾಗಲೆಲ್ಲ ಮಾವನ ಬಾಯಲ್ಲಿ ನುಚ್ಚು ಕೊಳ್ಳುವ ಕುರುಗೋಡಿನ ಪಾರ್ಟಿಯ ಗುಣಗಾನ. "ಮಂದಿ ಅಂದ್ರ ಅವರು. ಹೇಳಿದ ದಿನಕ್ಕ ರೊಕ್ಕ." ಅತ್ತೆ ಅನ್ನ ಬಡಿಸುತ್ತ, "ಹೌದ್ರೀ? ಅಂಥಾವರೂ ಇರ್ತಾರ?" ಎಂದು ಆಶ್ಚರ್ಯಪಡುವರು. ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ.

ನಗುವಿನದಲ್ಲದ ವರ್ಷವೂ ಒಂದು ಬಂತು. ಹೊರಗಿನ ವ್ಯಾಪಾರಿಯೊಬ್ಬ ಲಾರಿಗಟ್ಟಲೆ ಅಕ್ಕಿ ಉದ್ರಿ ಒಯ್ದು ನಾಪತ್ತೆಯಾದ. ಹೊಸ ಭತ್ತ ಬಾಗಿಲಿಗೆ ಬಂದಿತ್ತು; ಕೊಳ್ಳಲು ಮಾವನ ಹತ್ತಿರ ದುಡ್ಡಿಲ್ಲ. ಕೇಳಿದಲ್ಲೆಲ್ಲ ಇಲ್ಲವೆಂದರು. ಮಿಲ್ಲು ನಿಂತಿತು. ಮಾವ ಮುಖದ ಮೇಲೆ ಟವೆಲ್ ಹಾಕಿಕೊಂಡು ಹಗಲೆಲ್ಲ ಮಲಗಿರುತ್ತಿದ್ದರು.

ಆಗ ಸತ್ಯನಾರಾಯಣಪೇಟೆಯ ಗಿರಣಿಯಲ್ಲಿ ಸಭೆ ಸೇರಿತು. ಅತ್ತೆ, ಅವ್ವ, ಬಸಮ್ಮ, ಡಬ್ಬಿ ಹಿಡಿದ ನಾನು. ಇನ್ನೂ ಮಿಲ್ಲಿಗೆ ಹಾಕದ ಭತ್ತದ ನುಚ್ಚಿಗೆ ಕುರುಗೋಡಿನ ಪಾರ್ಟಿಯ ಹೆಸರಲ್ಲಿ ಮಾವನಿಗೆ ಮುಂಗಡ ಕೊಡಬೇಕು ಎಂದರು ಅತ್ತೆ.

"ನನ್ನತ್ರ ಇರೂದೆಲ್ಲ ಹೋಗತೈತಿ. ಇದು ಮುಳುಗಿದ್ರ ನಾ ಒಬ್ಬಾಕಿ ಮುಳುಗೂದಿಲ್ಲ, ಓಣಿ ಹೆಣ್ಮಕ್ಕಳ ಬಂಗಾರನೂ ಮುಳುಗತೈತಿ" ಎಂದಳು ಅವ್ವ.

"ನನ್ನ ಗಂಡ ಅಂತ ಕೊಡಬ್ಯಾಡ್ರಿ. ಗಂಡ ಅಂತ ನೋಡಿದ್ರ ನಾನೂ ಕೊಡೂದಿಲ್ಲ" ಎಂದರು ಅತ್ತೆ. "ಗಿರಾಕಿ ಅಂತ ನೋಡ್ರಿ. ತೂಕದಾಗ ಮೋಸ ಮಾಡಿಲ್ಲ, ಒಂದು ಚೀಲ ಬಾಕಿ ಉಳಿಸಿಲ್ಲ. ಇಷ್ಟು ವರ್ಸ ಅಂವನ ಜೋಡಿ ವ್ಯಾಪಾರ ಮಾಡೀನಿ, ನಂಗೊತ್ತು."

ಗಂಡನ ಬಗ್ಗೆ ಹೆಂಡತಿಯೊಬ್ಬಳು ಹೇಳಿದ ಇಷ್ಟು ಒಳ್ಳೆಯ ಮಾತನ್ನು ನಾನು ಮದುವೆಮನೆಗಳಲ್ಲೂ ಕೇಳಿಲ್ಲ. ಅವ್ವ ಕೊಟ್ಟಳು. ಬಸಮ್ಮ ಕೊಟ್ಟಳು. ನನ್ನ ಸಂಬಳದ ಉಳಿತಾಯವನ್ನೂ ಕೊಟ್ಟೆ, ಬಡ್ಡಿಗೇ. ಬಸಮ್ಮ ಒಬ್ಬಳೇ ಸಿರುಗುಪ್ಪಕ್ಕೆ ಹೋಗಿ ಮುಂಗಡ ಮುಟ್ಟಿಸಿದಳು. ಮಾವ ಟವೆಲ್ ತೆಗೆದು ಎದ್ದು ಕೂತು ಅತ್ತರಂತೆ. ಮಿಲ್ಲು ತಿರುಗಿತು. ಮುಂಗಡಕ್ಕೆ ತಕ್ಕ ನುಚ್ಚು ಕೊನೆಯ ಚೀಲದವರೆಗೆ ಕುರುಗೋಡಿಗೆ ಬಂತು.

ಈಗ ಬಸಮ್ಮನಿಗೆ ವಯಸ್ಸಾಗಿದೆ. ಹೋಟೆಲ್ ಮುಚ್ಚಿ ಹಲಕುಂದಿಯಲ್ಲಿರುವ ಮಗಳ ಮನೆಗೆ ಹೋಗುತ್ತೇನೆಂದು ಸಿರುಗುಪ್ಪಕ್ಕೆ ಹೇಳಿ ಕಳಿಸಿದಳು. ಮಾವ ಕಂಗಾಲಾದರು. "ಅಂಥಾ ಪಾರ್ಟಿಗೆ ಶಾಲು ಹೊದಿಸದ ಕಳಸಿದ್ರ ನಾ ಮನಷ್ಯಾನ?" ಎಂದು ಶಾಲು, ಹಣ್ಣು ಹಿಡಿದು ಹೊರಟರು. ಅತ್ತೆ ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಹೋದ ಭಾನುವಾರ ಅವರಿಬ್ಬರನ್ನು, ಹಿಂದಿನ ದಿನವೇ ಸಿರುಗುಪ್ಪಕ್ಕೆ ಹೋಗಿದ್ದ ನನ್ನ ಗಂಡ ಕಾರಿನಲ್ಲಿ ಕುರುಗೋಡಿಗೆ ಕರೆತಂದರು. ನಾನು ಬಳ್ಳಾರಿಯಿಂದ ಬಸ್ಸಿನಲ್ಲಿ ಹೋಗಿ ಸೇರಿಕೊಂಡೆ. ಇದನ್ನು ತಪ್ಪಿಸಿಕೊಳ್ಳುವಷ್ಟು ಒಳ್ಳೆಯವಳಲ್ಲ ನಾನು.

ಮಾವ ಶಾಲು ಬಿಚ್ಚಿದರು. ಬಸಮ್ಮ ಹಿಟ್ಟಿನ ಕೈ ಒರೆಸಿಕೊಂಡು ಹಿಂದಕ್ಕೆ ಸರಿದಳು.

"ನನಗ ಬ್ಯಾಡ್ರಿ ಸಾವ್ಕಾರ್ರ. ನಾ ಹೆಸರು ಬಾಡಿಗಿಗೆ ಕೊಟ್ಟಿದ್ದೆ ಅಷ್ಟ. ವ್ಯಾಪಾರ ಮಾಡಿದಾಕಿ ನಿಮ್ಮ ಹಿಂದ ನಿಂತಾಳ."

ಮಾವ ತಿರುಗಿ ನನ್ನನ್ನು ನೋಡಿ, "ನೀನೇನವಾ?" ಎಂದರು. ನಾನು ಅಲ್ಲವೆಂದು ತಲೆ ಅಲ್ಲಾಡಿಸಿದೆ. ಅವರ ದೃಷ್ಟಿ ಪಾತ್ರೆ ತೊಳೆಯುವಾಕೆಯ ಮೇಲೆ, ಬೀದಿಯ ಮೇಲೆಲ್ಲ ಓಡಾಡಿ ಕೊನೆಗೆ, ಬೇರೆ ದಾರಿಯಿಲ್ಲದೆ, ಹೆಂಡತಿಯ ಮೇಲೆ ನಿಂತಿತು.

"ಆ ವರ್ಸದ ಮುಂಗಡ?"

"ಹೂಂ" ಎಂದರು ಅತ್ತೆ.

"ಹೋದ ಸುಗ್ಗ್ಯಾಗ ರೇಟಿಗೆ ಜಗಳ ತಗದದ್ದು?"

"ನೀವು ಜಾಸ್ತಿ ಹೇಳಿದ್ರಿ."

"ಇಷ್ಟು ವರ್ಸ ಯಾಕ ಹೇಳಲಿಲ್ಲಲೇ?"

"ಹೇಳಿದ್ರ ಕೈಗಡ ಕೇಳ್ತಿದ್ರಿ."

ಹೋಟೆಲಿನಲ್ಲಿದ್ದವರೆಲ್ಲ ಇಡ್ಲಿ ತಿನ್ನುವುದನ್ನು ನಿಲ್ಲಿಸಿದ್ದರು, ನನ್ನ ಗಂಡನೊಬ್ಬರನ್ನು ಬಿಟ್ಟು. ಮಾವ ಬೈಯುತ್ತಾರೆ ಎಂದುಕೊಂಡೆ. ಅತ್ತೆಯೂ ಹಾಗೇ ಅಂದುಕೊಂಡಿರಬೇಕು. ಸೆರಗು ಬಿಗಿದು ನಿಂತಿದ್ದರು. ಮಾವ ಮುಂದೆ ಬಂದು, ಆ ಸುಡುಬಿಸಿಲಿನಲ್ಲಿ, ಉಣ್ಣೆಯ ಶಾಲನ್ನು ಹೆಂಡತಿಯ ಹೆಗಲಿಗೆ ಹೊದಿಸಿದರು. ಅತ್ತೆಯ ಕಣ್ಣು ತುಂಬಿದ್ದನ್ನು ಆ ದಿನ ಮೊದಲ ಸಲ ಕಂಡೆ. ಸೆಕೆಗೆ ಬೆವರು ಎಂದರು ಅವರು. ಇರಲಿ.

ನಿನ್ನೆ ಸಂಜೆ ಅತ್ತೆಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ನಡುವೆ ಹಿಂದಿನಿಂದ ಮಾವನ ಕೆಮ್ಮು ಕೇಳಿಸಿತು. ಇಷ್ಟು ವರ್ಷ ಹೆಂಡತಿಯನ್ನು "ಲೇ" ಎಂದೇ ಕೂಗಿದ ಮನುಷ್ಯ. ಈಗ ಮಾತು ಎಲ್ಲಿಂದ ಎತ್ತಬೇಕೆಂದು ತಿಳಿಯದೆ ಇನ್ನೊಮ್ಮೆ ಕೆಮ್ಮಿದರು.

"ಈ ಸಲದ ನುಚ್ಚು ಎಲ್ಲಿಗೆ ಕಳಸೂದು..." ಎಂದು ಶುರುಮಾಡಿ ತಡೆದರು. ಆಮೇಲೆ ಬಹಳ ಕಷ್ಟದಿಂದ, ಎಂದೂ ಹೊತ್ತಿರದ ಮೂಟೆ ಎತ್ತುವವರ ಹಾಗೆ, ಸೇರಿಸಿದರು: "...ರಿ?"

"ಮೊದಲು ರೇಟು ಹೇಳ್ರಿ" ಎಂದರು ಅತ್ತೆ, ಮತ್ತು ನನಗೆ ಆಮೇಲೆ ಮಾತಾಡುತ್ತೇನೆಂದು ಫೋನ್ ಇಟ್ಟರು.