ಸೋಮವಾರ ತೆಗೆದ ಅಳತೆ

2023ರ ಜನವರಿ. ಕುಂಭಾಶಿಯಿಂದ ಕುಂದಾಪುರಕ್ಕೆ ಹೋಗುವ ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ನಾನು ಬೈಕಿನ ಸೀಟು ಹೊಲಿಯುವ ಅಂಗಡಿ ಇಟ್ಟು ಆಗಲೇ ಇಪ್ಪತ್ತಾರು ವರ್ಷವಾಗಿತ್ತು. ಅದಕ್ಕೂ ಮೊದಲು ಐದು ವರ್ಷ ಮುಂಬೈಯಲ್ಲಿ ಟ್ಯಾಕ್ಸಿಗಳ ಸೀಟು ಹೊಲಿದವನು. ಬ್ರಹ್ಮಾವರದಿಂದ ಬೈಂದೂರಿನವರೆಗೆ ಯಾರದಾದರೂ ಸೀಟು ಹರಿದರೆ, ತಗ್ಗು ಬಿದ್ದರೆ, ಕೂತವರಿಗೆ ನೋವು ಬಂದರೆ ಹುಡುಕಿಕೊಂಡು ಬರುತ್ತಿದ್ದರು. ಸೀಟಿನ ವಿಷಯದಲ್ಲಿ ನನ್ನ ಕೈ ತಪ್ಪುವುದಿಲ್ಲ ಎಂಬ ಗರ್ವವೂ ಇತ್ತು, ಸುಳ್ಳು ಯಾಕೆ ಹೇಳಲಿ. ಆ ಗರ್ವ ಒಂದೇ ತಿಂಗಳಲ್ಲಿ ಎರಡು ಸಲ ಮುರಿಯಿತು. ಆಮೇಲೆ ಆದದ್ದನ್ನು ನೆನೆದರೆ ಈಗಲೂ ಕೂತಲ್ಲಿ ಕೂರಲಾಗದಷ್ಟು ಹುರುಪು ಬರುತ್ತದೆ.

ಆ ತಿಂಗಳು ಅಂಗಡಿಗೆ ಬಂದವರು ಗಂಗೊಳ್ಳಿಯ ಶೀನಣ್ಣ, ಮೀನು ಮಾರುವವರು, ನನ್ನದೇ ಪ್ರಾಯ. ಬೆಳಿಗ್ಗೆ ಗಂಗೊಳ್ಳಿ ಬಂದರಿನಲ್ಲಿ ಮೀನು ಕೊಂಡು, ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿ, ಹೆಮ್ಮಾಡಿ ದಾಟಿ ವಂಡ್ಸೆ, ಚಿತ್ತೂರು, ಜಡ್ಕಲ್ ಕಡೆಯ ಮನೆಗಳಿಗೆ ಕೊಡುತ್ತಿದ್ದರು. ಇದಕ್ಕೆ 'ಲೈನ್' ಎನ್ನುತ್ತಾರೆ. ಒಬ್ಬರ ಲೈನಿಗೆ ಇನ್ನೊಬ್ಬರು ಕಾಲಿಡುವುದಿಲ್ಲ. ಶೀನಣ್ಣನ ಲೈನಿಗೆ ಇಪ್ಪತ್ತೆರಡು ವರ್ಷ. ಒಳದಾರಿಗಳೆಲ್ಲ ಸೇರಿ ದಿನಕ್ಕೆ ಹತ್ತಿರ ಹತ್ತಿರ ತೊಂಬತ್ತು ಕಿಲೋಮೀಟರ್, ಅದೂ ನೂರು ಸಿಸಿಯ ಸಣ್ಣ ಬೈಕಿನಲ್ಲಿ.

"ಭಾಸ್ಕರಣ್ಣ, ಡಾಕ್ಟ್ರ್ ಬೈಕ್ ಬಿಡಿ ಅಂದ್ರ್," ಎಂದರು ಸೊಂಟ ಹಿಡಿದುಕೊಂಡು. "ಬೈಕ್ ಬಿಟ್ರೆ ನಾ ಎಂತ ಮಾಡುದ್? ಮಾರ್ಕೆಟ್ಟಂಗೆ ಹೆಂಗ್ಸ್ರ ನಡೂಕೆ ಹೋಯಿ ಕೂಕಂಬುದಾ?"

ನಗಲು ಹೇಳಿದ ಮಾತಲ್ಲ ಅದು. ನಮ್ಮ ಮೀನು ಮಾರುಕಟ್ಟೆಯ ಕಟ್ಟೆ ಹೆಂಗಸರದ್ದು. ಗಂಡಸರು ಸಮುದ್ರಕ್ಕೆ ಹೋಗುತ್ತಾರೆ, ಮೀನು ಹೊರುತ್ತಾರೆ, ಲೈನ್ ಮಾಡುತ್ತಾರೆ, ಆದರೆ ಕಟ್ಟೆಯ ಮೇಲೆ ಬುಟ್ಟಿ ಇಟ್ಟು ಕೂತ ಗಂಡಸನ್ನು ನಾನಂತೂ ಕಂಡಿಲ್ಲ. ಶೀನಣ್ಣನ ಹೆಂಡತಿ ಗಿರಿಜಕ್ಕ ಕುಂದಾಪುರದ ಕಟ್ಟೆಯಲ್ಲಿ ಕೂರುವವರು. ಬೈಕು ಬಿಟ್ಟರೆ ಶೀನಣ್ಣನಿಗೆ ಕಸುಬೇ ಇಲ್ಲ. ಗೂಡ್ಸ್ ರಿಕ್ಷಾ ಇದ್ದವರೊಬ್ಬರು ಆ ಲೈನನ್ನು ಕೇಳಿಯೂ ಆಗಿತ್ತು. ಫೆಬ್ರುವರಿ ಒಂದರೊಳಗೆ ಹೌದೋ ಅಲ್ಲವೋ ಹೇಳುತ್ತೇನೆ ಎಂದು ಶೀನಣ್ಣ ಮಾತು ಕೊಟ್ಟಿದ್ದರು.

"ಸೋಮವಾರ ಬನ್ನಿ," ಎಂದೆ. ವಂಡ್ಸೆ ಕಡೆಯ ಹೆಚ್ಚಿನ ಮನೆಗಳಲ್ಲಿ ಸೋಮವಾರ ಮೀನಿಲ್ಲ, ಅವರಿಗೂ ಬಿಡುವು. ನಾನೂ ಆ ದಿನ ಮೀನು ಮುಟ್ಟುವವನಲ್ಲ. ಅಂಗಡಿಯಲ್ಲಿ ಬೇರೆಯವರ ಹೊಸ ಸೀಟುಗಳು ಇರುತ್ತವಲ್ಲ, ಮೀನಿನ ನೀರು ತೊಟ್ಟಿಕ್ಕುವುದು ಬೇಡ ಎಂದು ಪೆಟ್ಟಿಗೆ ಬಿಚ್ಚಿಟ್ಟು, ಬೈಕು ತೊಳೆದು ತರಲು ಹೇಳಿದೆ. ಒಂಬತ್ತನೇ ತಾರೀಕು ಬಂದರು. ಲಿಂಬೆಹುಳಿ ಹಾಕಿ ಉಜ್ಜಿದ ಬೈಕು, ಇಸ್ತ್ರಿ ಮಾಡಿದ ಅಂಗಿ.

"ಎಂತ ಶೀನಣ್ಣ, ಹೆಣ್ಣ್ ಕಾಂಬುಕೆ ಹೊರಟಾಂಗೆ ಇತ್ತಲೆ?"

"ಗಿರಿಜಂಗೆ ಹೇಳ್ಬೇಡಿ," ಎಂದರು.

ಸೀಟಿನ ರೆಕ್ಸಿನ್ ಬಿಚ್ಚಿ ನೋಡಿದರೆ ಕಂಪನಿಯ ಫೋಮ್ ಹಪ್ಪಳದ ಹಾಗೆ ಒಣಗಿ ಕೂತಿತ್ತು. ಎರಡೂವರೆ ಇಂಚಿನ ಮೆತ್ತನೆಯ ಹೊಸ ಫೋಮ್ ಹಾಕಿದೆ. ಕೂತು ನೋಡಿ, ಎರಡು ಸಲ ಕುಪ್ಪಳಿಸಿ, ಖುಷಿಯಿಂದ ಹೋದರು. ಗುರುವಾರ ಫೋನು ಬಂತು.

"ಹ್ವಾಯ್, ನಿಮ್ಮ ಸೀಟ್ ಅಂಗಡಿಯಂಗೆ ಮಾತ್ರ ಹದ. ವಂಡ್ಸೆ ಮುಟ್ಟುವತಿಗೆ ಸೀಟೇ ಇಲ್ಲೆ, ಬರೀ ತಗಡ್."

ತಪ್ಪು ನನ್ನದೇ. ಮೆತ್ತನೆಯ ಫೋಮ್ ಕೈಯಲ್ಲಿ ಒತ್ತುವಾಗ ಹಿತ. ಅರ್ಧ ಗಂಟೆ ಕೂತರೆ ಅದು ಚಪ್ಪಟೆಯಾಗಿ ಕುಂಡೆಯ ಎಲುಬು ತಳಕ್ಕೆ ಮುಟ್ಟುತ್ತದೆ. ದೂರ ಓಡಿಸುವವರಿಗೆ ಬೇಕಾದದ್ದು ರೀಬಾಂಡ್, ಅಂದರೆ ಫೋಮಿನ ಚೂರುಗಳನ್ನು ಒತ್ತಿ ಮಾಡಿದ ಗಟ್ಟಿ ಹಲಗೆ. ಅದರ ಮೇಲೆ ತೆಳುವಾಗಿ ಮೆತ್ತನೆಯ ಪದರ. ಹದಿನಾರನೇ ತಾರೀಕು, ಮತ್ತೆ ಸೋಮವಾರ, ಹಾಗೆಯೇ ಮಾಡಿದೆ. ಸುಮ್ಮನೆ ಕಳಿಸಲಿಲ್ಲ. ಸ್ಟ್ಯಾಂಡ್ ಹಾಕಿದ ಬೈಕಿನ ಮೇಲೆ ಮುಕ್ಕಾಲು ಗಂಟೆ ಕೂರಿಸಿ ಕೈಗೆ ಪೇಪರ್ ಕೊಟ್ಟೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸಿದರು, ನೋವಿಲ್ಲ. ಅಂತೂ ಗೆದ್ದೆ ಎಂದುಕೊಂಡೆ.

ಇಪ್ಪತ್ತನಾಲ್ಕನೇ ತಾರೀಕು, ಮಂಗಳವಾರ, ಕುಂದಾಪುರದ ಮಾರುಕಟ್ಟೆಗೆ ಮೀನಿಗೆ ಹೋದೆ. ಗಿರಿಜಕ್ಕ ದೂರದಿಂದಲೇ ನನ್ನನ್ನು ಕಂಡರು. ಅಕ್ಕಪಕ್ಕದ ನಾಲ್ಕು ಹೆಂಗಸರಿಗೆ ಕೇಳುವ ಹಾಗೆ, "ಕಾಣಿ, ಇವ್ರೇ ನನ್ ಗಂಡನ್ ಬೆನ್ನ್ ತೆಗ್ದವ್ರ್," ಎಂದರು. "ಮುಂಚೆ ಬೆನ್ನ್ ಮಾತ್ರ. ಈಗ ಕೈಬೆರಳೂ ಮರಗಟ್ಟಿತ್ತಂಬ್ರ್. ಅನ್ನ ಕಲಸುಕೆ ಆತಿಲ್ಲೆ ಅವ್ರಿಗೆ. ಸೀಟಿಗೆ ಕೈ ಹಾಕ್ರೆ ಬೆರಳ್ ಹ್ಯಾಂಗೆ ಹೋಪುದ್ ಮಾರಾಯ್ರೆ?"

ಕಟ್ಟೆಯಿಡೀ ನಕ್ಕಿತು. ಆಮೇಲೆ ಗಿರಿಜಕ್ಕ ಸ್ವರ ಇಳಿಸಿದರು. "ಒಂದನೇ ತಾರೀಕಿಗೆ ಲೈನ್ ಕೊಡ್ತ್ರಂಬ್ರ್. ನಿನ್ನೆ ಊಟ ಮಾಡುವತಿಗೆ ಹೇಳಿರ್. ಮನೆಯಂಗೆ ಸುಮ್ನೆ ಕೂಕಂಡ್ರೆ ಅವ್ರ್ ಒಂದ್ ವರ್ಷ ಬದ್ಕುದಿಲ್ಲೆ ಭಾಸ್ಕರಣ್ಣ, ನಂಗೆ ಗೊತ್ತಿತ್ತ್."

ಮೀನು ಕೊಳ್ಳದೆ ವಾಪಸಾದೆ. ಬೆರಳು ಯಾಕೆ ಮರಗಟ್ಟಬೇಕು? ಸೀಟು ಕೆಟ್ಟರೆ ಕೂತಲ್ಲಿ ನೋಯಬೇಕು, ಕೈಯಲ್ಲಿ ಅಲ್ಲ. ಅಂಗಡಿಯಲ್ಲಿ ಕೂತು ಎಷ್ಟು ಯೋಚಿಸಿದರೂ ಉತ್ತರ ಸಿಗಲಿಲ್ಲ. ಮರುದಿನ ಬೆಳಿಗ್ಗೆ ಆರೂವರೆಗೆ ಸ್ಕೂಟರ್ ಹತ್ತಿ ಗಂಗೊಳ್ಳಿ ಬಂದರಿಗೆ ಹೋದೆ. ಶೀನಣ್ಣ ಪೆಟ್ಟಿಗೆಗೆ ಬಂಗುಡೆ ತುಂಬಿಸಿ ಮೇಲೆ ಐಸು ಸುರಿಯುತ್ತಿದ್ದರು.

"ಇಷ್ಟ್ ಬೇಗ ಎಂತ ಭಾಸ್ಕರಣ್ಣ, ಮೀನ್ ಬೇಕಾ?"

"ಮೀನ್ ಬ್ಯಾಡ. ನೀವ್ ಬೈಕ್ ಮೇಲ್ ಕೂಕಂಬುದ್ ಕಾಂಬುಕೆ ಬಂದೆ."

"ನಾ ಕೂಕಂಬುದ್ ಕಾಂಬುಕೆ ಎಂತ ಇತ್ತ್? ಹಸೆ ಮೇಲ್ ಕೂಕಂಬ ಮದ್ಮಗನಾ?"

ಪಕ್ಕದವರೊಬ್ಬರು ಕೈ ಕೊಟ್ಟು ಪೆಟ್ಟಿಗೆಯನ್ನು ಕ್ಯಾರಿಯರಿಗೆ ಏರಿಸಿದರು. ಆ ಕ್ಯಾರಿಯರ್ ಹಿಂದಿನ ಲೈಟಿನಿಂದಲೂ ಆಚೆಗೆ ಚಾಚಿದ ಕಬ್ಬಿಣದ ಚೌಕಟ್ಟು. ಪೆಟ್ಟಿಗೆ ಕೂತದ್ದೇ ಬೈಕಿನ ಹಿಂಭಾಗ ಕುಕ್ಕರಿಸುವ ನಾಯಿಯಂತೆ ಕೆಳಗೆ ಹೋಯಿತು, ಮುಂದಿನ ಹ್ಯಾಂಡಲ್ ಮೇಲೆದ್ದಿತು. ಶೀನಣ್ಣ ಹತ್ತಿ ಕೂತರು, ಕೂತವರು ಹಾಗೇ ಹಿಂದಕ್ಕೆ ಜಾರಿದರು. ಎರಡೂ ಕೈ ನೀಳವಾಗಿ ಚಾಚಿ, ತುಂಬಿದ ಬಸ್ಸಿನ ಬಾಗಿಲ ಸರಳಿಗೆ ಜೋತು ಬಿದ್ದವರ ಹಾಗೆ ಹ್ಯಾಂಡಲ್ ಹಿಡಿದುಕೊಂಡಿದ್ದರು.

"ಇಳಿಬೇಡಿ, ಇಳಿಬೇಡಿ," ಎಂದೆ.

ದೋಣಿ ರಿಪೇರಿ ಮಾಡುತ್ತಿದ್ದ ಆಚಾರಿಯೊಬ್ಬರ ಹತ್ತಿರ ಓಡಿ ಹೋಗಿ ರಸಮಟ್ಟ ಕೇಳಿದೆ. ನೆಲ ಸಮ ಇದೆಯೇ ಎಂದು ನೋಡುವ, ಗುಳ್ಳೆ ಓಡಾಡುವ ಗಾಜಿನ ಕೊಳವೆಯ ಪಟ್ಟಿ ಅದು. "ಬೈಕಿಗೆ ರಸಮಟ್ಟವಾ? ಅದ್ರ್ ಮೇಲ್ ಮನಿ ಕಟ್ಟುಕಿತ್ತಾ?" ಎಂದು ಕೇಳಿ ಕೊಟ್ಟರು. ಶೀನಣ್ಣನಿಗೆ ಕಾಲೂರಿ ಎದ್ದು ನಿಲ್ಲಲು ಹೇಳಿ ಸೀಟಿನ ಮೇಲೆ ಇಟ್ಟೆ. ಒಂದು ಅಡಿ ಉದ್ದಕ್ಕೆ ಹಿಂದಿನ ತುದಿ ಒಂದೂಕಾಲು ಇಂಚು ಕೆಳಗೆ. ಅವರು ಕೂತರೆ ಇನ್ನೂ ಕೆಳಗೆ. ಪೆಟ್ಟಿಗೆಯ ತೂಕ ಕೇಳಿದೆ. ಐವತ್ತೆಂಟು ಕಿಲೊ.

ನಾನು ಎರಡು ಸೋಮವಾರ ಅಳತೆ ತೆಗೆದದ್ದು ಮೀನಿಲ್ಲದ ಬೈಕಿನದ್ದು. ಶೀನಣ್ಣನಿಗೆ ನೋವು ಕೊಡುತ್ತಿದ್ದದ್ದು ಮೀನಿದ್ದ ಬೈಕು. ಆ ಎರಡನೆಯ ಬೈಕನ್ನು ನಾನು ಒಂದು ಸಲವೂ ಕಂಡಿರಲಿಲ್ಲ. ಕಾಣದ ಹಾಗೆ ಏರ್ಪಾಡು ಮಾಡಿದವನೂ ನಾನೇ, ಮೀನಿನ ನೀರು ಬೇಡ ಎಂದು. ಜಾರುವ ಸೀಟಿನಲ್ಲಿ ಕೂತವನು ಬೀಳದಿರಲು ದಾರಿಯುದ್ದಕ್ಕೂ ಕೈಯಲ್ಲಿ ತನ್ನನ್ನೇ ಎಳೆದು ಹಿಡಿಯುತ್ತಾನೆ, ಬೆರಳು ಮರಗಟ್ಟದೆ ಏನಾದೀತು? ಸೊಂಟ ಹಿಂದಕ್ಕೆ ಮಡಚಿ ಬೆನ್ನು ಗೂನಾಗುತ್ತದೆ. ನನ್ನ ಗಟ್ಟಿ ಫೋಮ್ ಜಾರುಬಂಡಿಯನ್ನು ಇನ್ನಷ್ಟು ನಯ ಮಾಡಿತ್ತು, ಅಷ್ಟೆ. ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಕುಣಿಯಬೇಕು ಎನಿಸುವಷ್ಟು ಖುಷಿಯೂ ಆಯಿತು.

"ಶೀನಣ್ಣ, ಸೋಮವಾರ ಬನ್ನಿ. ಪೆಟ್ಟಿಗಿ ಕಟ್ಕಂಡೇ ಬನ್ನಿ. ಐವತ್ತೆಂಟ್ ಕಿಲೊ ಹೊಯ್ಗಿ ತುಂಬ್ಸಿ."

"ಸೋಮವಾರ ಹೊಯ್ಗಿ ತಿಂಬ್ರಾ ನೀವ್?" ಎಂದರು, ಮೀನಿಲ್ಲದ ದಿನ ಮರಳು ತಿನ್ನುತ್ತೀರಾ ಎಂಬ ಹಾಗೆ.

ಮೂವತ್ತನೇ ತಾರೀಕು ಗಂಡ ಹೆಂಡತಿ ಇಬ್ಬರೂ ಬಂದರು. ಶೀನಣ್ಣ ತಮ್ಮ ಮೀನಿನ ತಕ್ಕಡಿಯಲ್ಲೇ ಮರಳನ್ನು ತೂಗಿ ಚೀಲ ಮಾಡಿ ತಂದಿದ್ದರು. ಗಿರಿಜಕ್ಕ ಹಿಂದಿನ ಸೀಟಿನಿಂದ ಇಳಿದು ಸ್ಟೂಲು ಎಳೆದು ಕೂತರು, ಪರೀಕ್ಷೆ ಮಾಡುವ ಮಾಸ್ತರರ ಹಾಗೆ.

ಮೊದಲು ಶಾಕಪ್. ಹಿಂದಿನ ಚಕ್ರದ ಎರಡು ಕಡೆಯ ಸ್ಪ್ರಿಂಗುಗಳ ಬುಡದಲ್ಲಿ ಐದು ಮೆಟ್ಟಿಲಿನ ಒಂದು ಬಳೆ ಇರುತ್ತದೆ. ತಿರುಗಿಸಿ ಮೇಲಿನ ಮೆಟ್ಟಿಲಿಗೆ ಇಟ್ಟರೆ ಸ್ಪ್ರಿಂಗು ಬಿಗಿಯಾಗಿ ಭಾರ ತಡೆಯುತ್ತದೆ. ಶೀನಣ್ಣನ ಬೈಕಿನಲ್ಲಿ ಅದು ಕೆಳಗಿನ ಮೆಟ್ಟಿಲಲ್ಲೇ ತುಕ್ಕು ಹಿಡಿದಿತ್ತು, ಹನ್ನೊಂದು ವರ್ಷದಲ್ಲಿ ಯಾರೂ ಮುಟ್ಟಿರಲಿಲ್ಲ. ಸೀಮೆಎಣ್ಣೆ ಬಿಟ್ಟು, ಕಾದು, ನಾಲ್ಕನೇ ಮೆಟ್ಟಿಲಿಗೆ ತಂದೆ. ಮರಳಿನ ಪೆಟ್ಟಿಗೆ ಏರಿಸಿ ರಸಮಟ್ಟ ಇಟ್ಟೆ. ಒಂದೂಕಾಲು ಇಂಚು ಮುಕ್ಕಾಲಿಗೆ ಬಂತು. ಸಾಲದು.

ಪೆಟ್ಟಿಗೆ ಮುಂದಕ್ಕೆ ಬರಬೇಕಿತ್ತು. ಹಿಂದಿನ ಚಕ್ರದ ಅಚ್ಚಿಗಿಂತ ಆಚೆಗೆ ನೇತುಬಿದ್ದ ಭಾರ ಬೈಕಿನ ಮೂತಿಯನ್ನು ಮೇಲಕ್ಕೆತ್ತುತ್ತದೆ, ಅಚ್ಚಿನ ಮೇಲೆಯೇ ಬಂದರೆ ಎತ್ತುವುದಿಲ್ಲ. ಏಳು ಇಂಚು ಮುಂದೆ ತಂದರೆ ಸಾಕು. ಆದರೆ ಆ ಏಳು ಇಂಚು ಹಿಂದೆ ಕೂರುವವರ ಜಾಗ. ನಾನು ಹೇಳಲು ಹಿಂಜರಿದೆ. ಶೀನಣ್ಣ ಹೆಂಡತಿಯ ಮುಖ ನೋಡಿದರು.

"ಸೋಮವಾರ ಇವ್ಳ್ ತೌರ್‌ಮನಿಗೆ ಹೋಪುದ್ ಇದ್ರಂಗೇ," ಎಂದರು ಮೆಲ್ಲಗೆ.

ಗಿರಿಜಕ್ಕ ಸ್ಟೂಲಿನಿಂದ ಏಳಲಿಲ್ಲ. "ವಾರಕ್ಕೆ ಆರ್ ದಿನ ನನ್ನ ಜಾಗದಂಗೆ ಬಂಗ್ಡಿ ಕೂಕಣ್ಲಿ. ಸೋಮವಾರ ಬಂಗ್ಡಿ ಇಳ್ಸಿ ನನ್ನನ್ ಹತ್ಸಿ. ಹಾಂಗೆ ಮಾಡುಕೆ ಆತ್ತಾ ಇಲ್ಯಾ ಹೇಳಿ."

ಆಗುತ್ತದೆ ಎಂದೆ. ಸೀಟನ್ನು ಎರಡು ತುಂಡು ಮಾಡಿದೆ. ಹಿಂದಿನ ತುಂಡಿಗೆ ಎರಡು ಬೋಲ್ಟು, ಐದು ನಿಮಿಷದಲ್ಲಿ ಬಿಚ್ಚಬಹುದು, ಹಾಕಬಹುದು. ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಕ್ಯಾರಿಯರನ್ನು ಕತ್ತರಿಸಿ ಮುಂದಕ್ಕೆ ತಂದೆವು. ಉಳಿದ ವ್ಯತ್ಯಾಸವನ್ನು ಫೋಮಿನಲ್ಲಿ ಸರಿ ಮಾಡಿದೆ. ಹಿಂದೆ ಎತ್ತರಿಸಿ ಸೊಂಟಕ್ಕೊಂದು ಆನಿಕೆ, ನಡುವೆ ಕೂರುವಷ್ಟು ಅಗಲಕ್ಕೆ ಸಣ್ಣ ತಗ್ಗು. ಹ್ಯಾಂಡಲನ್ನು ಒಂದು ಇಂಚು ಎತ್ತರಿಸಿದೆ. ತುಂಬಿದ ಪೆಟ್ಟಿಗೆ, ಮೇಲೆ ಶೀನಣ್ಣ, ಸೀಟಿನ ಅಂಚಿನಲ್ಲಿ ರಸಮಟ್ಟ. ಗುಳ್ಳೆ ನಟ್ಟನಡುವೆ ಬಂದು ನಿಂತಿತು. ಮರಳು ತೆಗೆದು ಖಾಲಿ ಮಾಡಿ ನೋಡಿದರೆ ಮಾತ್ರ ಸೀಟು ಸ್ವಲ್ಪ ಮುಂದಕ್ಕೆ ಇಳಿಜಾರು.

"ಖಾಲಿ ಪೆಟ್ಟಿಗಿ ಅಂದ್ರೆ ಮನಿಗೆ ಬಪ್ಪುದಲ್ದಾ," ಎಂದರು ಶೀನಣ್ಣ. "ಮುಂದೆ ಜಾರ್ರೆ ಬೇಗ ಮುಟ್ತೆ, ಬಿಡಿ."

ಮರುದಿನ ಮೂವತ್ತೊಂದು. ಮಾತು ಕೊಟ್ಟ ಗಡುವಿಗೆ ಒಂದೇ ದಿನ. ನಾನು ಅಂಗಡಿ ತೆರೆಯಲಿಲ್ಲ. ಬೆಳಿಗ್ಗೆ ಗಂಗೊಳ್ಳಿಗೆ ಹೋಗಿ ಅವರ ಹಿಂದೆಯೇ ಸ್ಕೂಟರಿನಲ್ಲಿ ಹೊರಟೆ. ವಂಡ್ಸೆಯವರೆಗೆ ವ್ಯಾಪಾರವಿಲ್ಲ, ಪೂರ್ತಿ ಭಾರ ಹೊತ್ತು ಒಂದೇ ಸಮ ಓಡಿಸಬೇಕಾದ ದಾರಿ ಇದು. ನೋವು ಹುಟ್ಟುವುದು ಇಲ್ಲಿಯೇ. ಆಮೇಲೆ ಮನೆಮನೆಗೆ ಇಳಿದು ಹತ್ತುವಾಗ ಬೆನ್ನು ತಾನಾಗಿ ಸಡಿಲಾಗುತ್ತದೆ. "ನೆಂಪಂಗೆ ಒಂದ್ಸಲ ನಿಲ್ಸ್ತೆ, ಬೆನ್ನ್ ನೆಟ್ಟ ಮಾಡುಕೆ. ವರ್ಷ ಆಯ್ತ್ ಹಾಂಗೆ," ಎಂದು ಹೊರಡುವಾಗ ಹೇಳಿದ್ದರು. ನೆಂಪು ವಂಡ್ಸೆಗಿಂತ ಮೊದಲು ಸಿಗುವ ಊರು.

ಹೆಮ್ಮಾಡಿಯಲ್ಲಿ ಎಡಕ್ಕೆ ತಿರುಗಿದೆವು. ನನ್ನ ಕಣ್ಣು ಅವರ ಮೊಣಕೈ ಬಿಟ್ಟು ಬೇರೆ ಕಡೆ ಹೋಗಲಿಲ್ಲ. ಕೈ ಸ್ವಲ್ಪ ಮಡಚಿ ಸಡಿಲವಾಗಿತ್ತು. ನೆಂಪು ಬಂತು. ಇಲ್ಲಿ ಇಳಿಯುತ್ತಾರೆ, ಕೇಳಬೇಕು ಎಂದು ನಾನು ವೇಗ ಇಳಿಸಿದೆ. ಶೀನಣ್ಣ ಇಳಿಸಲಿಲ್ಲ, ಹೋಗಿಯೇ ಬಿಟ್ಟರು. ಏನೋ ಆಯಿತು ಎಂದು ಹಾರ್ನ್ ಹೊಡೆದೆ, ತಿರುಗಿ ನೋಡಲಿಲ್ಲ. ವಂಡ್ಸೆಯಲ್ಲಿ ಮೊದಲ ಮನೆಯ ಗೇಟಿನ ಎದುರು ನಿಂತು, ಕೈ ಬಾಯಿಗೆ ಅಡ್ಡ ಹಿಡಿದು, "ಹ್ವಾಯ್, ಮೀನ್," ಎಂದು ಕೂಗಿದ ಮೇಲೆಯೇ ನನ್ನನ್ನು ನೋಡಿದ್ದು.

"ನೆಂಪಂಗೆ ಎಂತಕ್ಕೆ ನಿಲ್ಸ್‌ಲಿಲ್ಲ?" ಸ್ಕೂಟರ್ ಇಳಿಯುತ್ತಲೇ ಕೇಳಿದೆ.

ಶೀನಣ್ಣ ಬಂದ ದಾರಿಯನ್ನು ಒಮ್ಮೆ ನೋಡಿದರು. "ನೆಂಪು ದಾಟಿ ಆಯ್ತಾ?" ಎಂದರು. "ಮರ್ತೇ ಹೋಯ್ತ್ ಮಾರಾಯ್ರೆ."

ಆ ಮನೆಗೆ ಬಂಗುಡೆ ಕೊಟ್ಟು, ಕೈ ಒರೆಸಿಕೊಂಡು, ರಿಕ್ಷಾದವರಿಗೆ ಫೋನು ಮಾಡಿದರು. "ಲೈನ್ ನಾನೇ ಮಾಡ್ತೆ, ಬೇಜಾರ್ ಮಾಡ್ಕಂಬೇಡಿ." ಅಷ್ಟೇ ಮಾತು. ಬೆನ್ನು ನೋವು ಅಂದೇ ಮಾಯವಾಯಿತು ಎಂದರೆ ಸುಳ್ಳಾಗುತ್ತದೆ. ಡಾಕ್ಟರು ಹೇಳಿದ ವ್ಯಾಯಾಮ ಮಾಡುತ್ತ ಎರಡು ತಿಂಗಳು ಹಿಡಿಯಿತು. ಬೆರಳು ವಾರದಲ್ಲಿ ಸರಿಯಾಯಿತು.

ಅಂದಿನಿಂದ ನಾನು ಟೇಪು ಬಿಚ್ಚುವ ಮೊದಲು ಕೇಳುವುದು ಬೇರೆ. ಯಾವ ದಾರಿ, ಹಿಂದೆ ಯಾರು, ಎಷ್ಟು ಭಾರ, ಎಲ್ಲಿಯವರೆಗೆ ಇಳಿಯದೆ ಓಡಿಸುತ್ತೀರಿ. ಕಳೆದ ವರ್ಷ ಬ್ರಹ್ಮಾವರದ ಮಾಸ್ತರರೊಬ್ಬರು ಬೈಕಿನಲ್ಲಿ ಗೋವಾಕ್ಕೆ ಹೋಗಬೇಕು, ಸೀಟು ಸರಿ ಮಾಡಿಕೊಡಿ ಎಂದು ಬಂದರು. ಒಬ್ಬರೇ ಬಂದಿದ್ದರು, ಪಳಪಳ ಹೊಳೆಯುವ ಖಾಲಿ ಬೈಕು. ವಾಪಸು ಕಳಿಸಿದೆ. ಹೆಂಡತಿಯನ್ನೂ, ಅಲ್ಲಿಗೆ ಒಯ್ಯುವ ಎರಡು ಬ್ಯಾಗನ್ನೂ ಕಟ್ಟಿಕೊಂಡು ಬನ್ನಿ, ಆಮೇಲೆ ಅಳತೆ ಎಂದೆ. ಇವನಿಗೆ ಮರ್ಲು ಎಂದುಕೊಂಡೇ ಹೋಗಿರಬೇಕು. ಸಂಜೆ ನಾಲ್ಕು ಗಂಟೆಗೆ ಹೆಂಡತಿ, ಬ್ಯಾಗು, ನೀರಿನ ಕ್ಯಾನು ಎಲ್ಲ ಹೇರಿಕೊಂಡು ಬಂದರು. ರಸಮಟ್ಟ ಇಟ್ಟು ತೋರಿಸಿದೆ. ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಗುಳ್ಳೆ ಓಡಿದ ಕಡೆಗೆ ಬಗ್ಗಿದರು, ನಾನು ಕತ್ತರಿ ಕೈಗೆ ತೆಗೆದುಕೊಂಡೆ. ದುಡಿಯುವ ಬೈಕಿನ ಅಳತೆಯನ್ನು ಅದು ದುಡಿಯುವಾಗಲೇ ತೆಗೆಯಬೇಕು, ತೊಳೆದು ನಿಲ್ಲಿಸಿದಾಗ ಅಲ್ಲ. ಮೂವತ್ತೊಂದು ವರ್ಷ ಸೀಟು ಹೊಲಿದ ಮೇಲೆ ನಾನು ಕಲಿತ ಪಾಠ ಇದು.